ದೊರೆ ಒಳ್ಳೆಯವರೇ, ಜವಾಬು ಯಾರಿಗೆ?



ನಾನು ಹುಟ್ಟಿ ಬೆಳೆದ ಮನೆಯ ಪಡಸಾಲೆಯಲ್ಲಿ ಎರಡು ಪಟಗಳು ಅಕ್ಕಪಕ್ಕ ಇದ್ದವು. ಒಂದು ನಾಲ್ವಡಿ ಕೃಷ್ಣರಾಜ ಒಡೆಯರದು, ಇನ್ನೊಂದು ಗಾಂಧಿಯವರದು. ಶುಕ್ರವಾರ ಬಂತೆಂದರೆ ಅಜ್ಜಿ ಎರಡಕ್ಕೂ ಅಳತೆ ಮಾಡಿದ ಹಾಗೆ ಮಲ್ಲಿಗೆ ಏರಿಸುತ್ತಿದ್ದರು. ಸ್ವಾತಂತ್ರ್ಯದ ಮಾತು ಬಂದಾಗ ಮಾತ್ರ ಅವರಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು: "ಬಿಳಿಯರನ್ನ ಕಳಿಸಿದ್ದು ಸರಿ ಕಣಪ್ಪ. ನಮ್ಮ ದೊರೆಗಳು ಏನು ತಪ್ಪು ಮಾಡಿದ್ದರು ಅಂತ ಅರಮನೆ ಮುಂದೆ ಹೋಗಿ ಕೂಗಿದರು?"

ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಆಳುವವರಿಂದ ಬಿಡಿಸಿಕೊಳ್ಳಲು ಆಳಿಸಿಕೊಳ್ಳುವವರು ಕೊಡುವ ಕಾರಣಗಳ ಬಗ್ಗೆ ಮಾತಾಡಿ ಎಂದು ಈ ಉಪನ್ಯಾಸ ಮಾಲೆಯ ಸಂಚಾಲಕರು ಕೇಳಿದಾಗ ಮೊದಲು ನೆನಪಾದದ್ದು ಅಜ್ಜಿಯ ಆ ಪ್ರಶ್ನೆಯೇ. ಅದು ಬರೀ ರಾಜಭಕ್ತಿಯ ಪ್ರಶ್ನೆಯಲ್ಲ. ಅದರೊಳಗೆ ಒಂದು ಗಟ್ಟಿ ವಾದವಿದೆ: ಆಳುವವನು ಕೆಟ್ಟವನಾದರೆ ಬಿಟ್ಟು ಹೋಗಬಹುದು, ಒಳ್ಳೆಯವನಾದರೆ ಬಿಡಲು ಕಾರಣವೆಲ್ಲಿದೆ?

ಈ ವಾದವನ್ನು ಮೊದಲು ಎದುರಿಸಿದವರು ನಾವಲ್ಲ. 1773ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಅದರಿಂದ ಅಮೆರಿಕದ ವಸಾಹತುಗಳಲ್ಲಿ ಚಹಾ ಅಗ್ಗವಾಗುವುದಿತ್ತು. ಪೌಂಡಿಗೆ ಮೂರು ಪೆನ್ನಿಯ ಸುಂಕ ಕೊಟ್ಟ ಮೇಲೂ ಅಗ್ಗವೇ. ಆದರೂ ಬಾಸ್ಟನ್ನಿನ ಜನ ಆ ಡಿಸೆಂಬರಿನಲ್ಲಿ 342 ಪೆಟ್ಟಿಗೆ ಚಹಾವನ್ನು ಕಡಲಿಗೆ ಸುರಿದರು. ಅವರ ತಕರಾರು ಬೆಲೆಯದಾಗಿರಲಿಲ್ಲ. ಏಳು ವರ್ಷ ಹಿಂದೆ, 1766ರಲ್ಲಿ, ಸ್ಟಾಂಪು ತೆರಿಗೆಯನ್ನು ಹಿಂತೆಗೆದುಕೊಂಡ ಪಾರ್ಲಿಮೆಂಟು ಅದರ ಜೊತೆಗೇ ಮತ್ತೊಂದು ಕಾನೂನು ಮಾಡಿ, ವಸಾಹತುಗಳನ್ನು ಯಾವ ವಿಷಯದಲ್ಲಿ ಬೇಕಾದರೂ ಕಟ್ಟಿಹಾಕುವ ಅಧಿಕಾರ ತನಗಿದೆ ಎಂದು ಬರೆದಿಟ್ಟಿತ್ತು. ಕೇಳಿ ಹಾಕಿದ ತೆರಿಗೆಯೋ, ಕೇಳದೆ ಹಾಕಿದ ತೆರಿಗೆಯೋ ಎಂಬುದೇ ಜಗಳದ ಬೇರು.

ಆ ಚಹಾ ಯಾರದು? ಈಸ್ಟ್ ಇಂಡಿಯಾ ಕಂಪನಿಯದು. 1765ರಲ್ಲಿ ಬಂಗಾಳದ ದಿವಾನಿ ಪಡೆದು, 1770ರ ಕ್ಷಾಮದಲ್ಲೂ ಕಂದಾಯ ವಸೂಲಿ ನಿಲ್ಲಿಸದ, ಮುಂದೆ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದ ಅದೇ ಕಂಪನಿ. ದೂರದ ಆ ದಂಗೆಕೋರರಿಗೆ ನಮ್ಮ ಮೈಸೂರಿನ ಸುದ್ದಿಯೂ ಮುಟ್ಟಿತ್ತು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಾಂಕ್' ಎಂಬ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು 'ಹೈದರ್ ಅಲಿ'. ಶತ್ರುವಿನ ಶತ್ರುವಿಗೆ ಅವರು ಸಲ್ಲಿಸಿದ ಗೌರವ ಅದು. ಅದೇ ವರ್ಷದ ಕೊನೆಯಲ್ಲಿ ಹೈದರ್ ತೀರಿಕೊಂಡರು.

1776ರ ಜುಲೈ 4ರಂದು ಅಮೆರಿಕನ್ನರು ಹೊರಡಿಸಿದ ಘೋಷಣೆಯಲ್ಲಿ ಒಂದು ಜಾಣ ನಡೆಯಿದೆ. ಹತ್ತು ವರ್ಷದ ಜಗಳವೆಲ್ಲ ಪಾರ್ಲಿಮೆಂಟಿನ ಜೊತೆ. ದೂರುಗಳ ಪಟ್ಟಿ ಮಾತ್ರ ದೊರೆ ಮೂರನೆಯ ಜಾರ್ಜನ ಮೇಲೆ. ಬಿಟ್ಟು ಹೋಗಬೇಕಾದರೆ ಕೊನೆಯ ಎಳೆಯನ್ನೇ ಕತ್ತರಿಸಬೇಕು, ಆ ಎಳೆ ದೊರೆಯ ಕೈಯಲ್ಲಿತ್ತು. ಎಲ್ಲರೂ ಸಮಾನರಾಗಿ ಹುಟ್ಟಿದವರು ಎಂದು ಬರೆದ ಕೈಗಳಲ್ಲಿ ಎಷ್ಟೋ ಕೈಗಳು ಗುಲಾಮರನ್ನು ಇಟ್ಟುಕೊಂಡಿದ್ದವು. ಅದನ್ನು ಮರೆತು ಆ ಕಾಗದವನ್ನು ಹೊಗಳಲು ನನಗೆ ಮನಸ್ಸಿಲ್ಲ. ದೊರೆಯ ಕಡೆಗೆ ತಿರುಗಿದ ಆ ಬೆರಳನ್ನು ಮಾತ್ರ ನೆನಪಿಡಿ. ಮೈಸೂರಿನಲ್ಲಿ ಅದು ಬೇರೆ ಕಡೆಗೆ ತಿರುಗಿತು.

ನಮ್ಮ ಕಥೆ ನಗರದಿಂದ, ಅಂದರೆ ಮಲೆನಾಡಿನ ನಗರದಿಂದ ಶುರುವಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 'ಶರ್ತಿ' ಎಂಬ ಪದ್ಧತಿ ಇತ್ತು. ಇಷ್ಟು ಹಣ ವಸೂಲು ಮಾಡಿಕೊಡುತ್ತೇನೆಂದು ಅಮಲ್ದಾರ ಶರತ್ತು ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಅವನೇನು ಕೈಯಿಂದ ತುಂಬುತ್ತಾನೆಯೇ? ರೈತನ ಕಣಜಕ್ಕೇ ಕೈ ಹಾಕಿದ. 1830ರಲ್ಲಿ ರೈತರು ಊರೂರಲ್ಲಿ ಕೂಟ ಸೇರಿದರು. 'ಕೂಟ' ಎಂಬುದು ಅವರದೇ ಮಾತು, ಸರ್ಕಾರದ ಕಾಗದಗಳಿಗೂ ಅದೇ ಹೆಸರು ಹತ್ತಿತು. ನಮ್ಮ ಅಹವಾಲು ಕೇಳಿ, ಆಮೇಲೆ ಕಂದಾಯ ಎಂಬುದು ಅವರ ನಿಲುವು. ಬೂದಿ ಬಸವಪ್ಪ ತಾನೇ ನಗರದ ಅರಸು ಮನೆತನದವನೆಂದು ಮುಂದೆ ಬಂದ ಮೇಲೆ ಅದು ದಂಗೆಯಾಯಿತು.

ಜವಾಬು ಕೊಟ್ಟವನು ಗವರ್ನರ್ ಜನರಲ್ ಬೆಂಟಿಂಕ್. ಕಂಪನಿಗೂ ಒಡೆಯರಿಗೂ ಆಗಿದ್ದ 1799ರ ಒಪ್ಪಂದದ ಕಲಮುಗಳನ್ನು ಹಿಡಿದು, ದುರಾಡಳಿತವೆಂದು ಹೇಳಿ 1831ರ ಅಕ್ಟೋಬರ್‌ನಲ್ಲಿ ರಾಜ್ಯವನ್ನೇ ಕೈಗೆ ತೆಗೆದುಕೊಂಡ. ರೈತ ಅಮಲ್ದಾರನ ಮೇಲೆ ಕೊಟ್ಟ ದೂರು, ಕಂಪನಿ ದೊರೆಯ ಗದ್ದುಗೆ ಏರಲು ಏಣಿಯಾಯಿತು. ಐವತ್ತು ವರ್ಷ ಕಮಿಷನರುಗಳು ಆಳಿದರು. ರಸ್ತೆ, ಕಚೇರಿ, ಲೆಕ್ಕಪತ್ರ ಎಲ್ಲ ಒಪ್ಪವಾದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರದೇ ಆಳ್ವಿಕೆಯಲ್ಲಿ 1876ರಿಂದ 78ರ ಬರ ಬಂತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷ. ಹಿಂದಿನ ಮೈಸೂರು ಸೀಮೆಯಲ್ಲಿ ಧಾತು ಈಶ್ವರದ ಬರವೆಂದು ಅಜ್ಜ ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ. ದುರಾಡಳಿತವೇ ರಾಜ್ಯ ಕಿತ್ತುಕೊಳ್ಳಲು ಕಾರಣವಾಗುವುದಾದರೆ, ಆ ಎಂಟು ಲಕ್ಷದ ಲೆಕ್ಕವನ್ನು ಯಾರು ಯಾರಿಂದ ಕೇಳಬೇಕಿತ್ತು? ಕೇಳುವ ಜಾಗವೇ ಇರಲಿಲ್ಲ. ಕಮಿಷನರ ಜವಾಬು ಕಲ್ಕತ್ತೆಗೆ, ಕಲ್ಕತ್ತೆಯ ಜವಾಬು ಲಂಡನ್ನಿಗೆ.

1881ರ ಮಾರ್ಚ್ 25ರಂದು ರಾಜ್ಯ ಮರಳಿ ಒಡೆಯರ ಮನೆತನಕ್ಕೆ ಬಂತು, ಶರತ್ತುಗಳ ಸಮೇತ. ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಬರ ಹಿಂಡಿದ ನಾಡೆಂದು ಆ ಏರಿಕೆಯನ್ನು ಕೆಲವು ವರ್ಷ ಮುಂದೂಡಬೇಕಾಯಿತು. ಅದೇ ವರ್ಷದ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. 144 ಮಂದಿ ಬಂದರು. ನಮ್ಮ ಪುರಭವನ ಅವರ ಹೆಸರನ್ನು ಹೊತ್ತಿರುವುದು ತೀರ ಸರಿ. ಭಾರತದ ಬೇರಾವ ಸಂಸ್ಥಾನದಲ್ಲೂ ಅಂಥ ಸಭೆ ಆಗ ಇರಲಿಲ್ಲ. ಮುಂದೆ ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ನೀರು, 1916ರ ವಿಶ್ವವಿದ್ಯಾನಿಲಯ; ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು, ಅಜ್ಜಿಯ ಮಲ್ಲಿಗೆಗೆ ಕಾರಣಗಳು.

ಆದರೆ ಆ ಸಭೆ ನಡೆಯುತ್ತಿದ್ದ ರೀತಿ ನೋಡಿ. ಸದಸ್ಯ ದಸರೆಗೆಂದು ಗಾಡಿ ಕಟ್ಟಿಕೊಂಡು ಮೈಸೂರಿಗೆ ಬರುತ್ತಾನೆ. ತನ್ನ ತಾಲ್ಲೂಕಿನ ಕೆರೆ ಒಡೆದದ್ದನ್ನು ಬಿನ್ನವಿಸುತ್ತಾನೆ. ದಿವಾನರು ಕೇಳಿಸಿಕೊಳ್ಳುತ್ತಾರೆ, ಎಷ್ಟೋ ಸಲ ಮಾಡಿಯೂ ಕೊಡುತ್ತಾರೆ. ಮಾಡದಿದ್ದರೆ? ಮುಂದಿನ ದಸರೆಗೆ ಮತ್ತೆ ಬಂದು ಬಿನ್ನವಿಸಬೇಕು. ದಿವಾನರನ್ನು ಇಳಿಸುವ ಶಕ್ತಿ ಸಭೆಗಿಲ್ಲ. ದಿವಾನರ ನೇಮಕಕ್ಕೆ ವೈಸ್‌ರಾಯ್ ಒಪ್ಪಿಗೆ ಬೇಕು, ಮಹಾರಾಜರ ನಡೆನುಡಿಗೆ ರೆಸಿಡೆಂಟರ ಕಣ್ಗಾವಲು ಉಂಟು. ನಮ್ಮ ಊರಿನ ಸರ್ಕಾರಿ ಭವನ ಮೊದಲು ಕಟ್ಟಿದ್ದು ಆ ರೆಸಿಡೆಂಟರ ವಾಸಕ್ಕೇ.

1930ರ ಜನವರಿ 26ರಂದು ಕಾಂಗ್ರೆಸ್ಸು ದೇಶದ ಎದುರಿಟ್ಟ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯಲ್ಲಿ ಕಾರಣಗಳೆಲ್ಲ ನಷ್ಟದ ಲೆಕ್ಕವಾಗಿವೆ: ಭಾರತೀಯನ ದಿನದ ಸರಾಸರಿ ಆದಾಯ ಏಳು ಕಾಸು, ಉಪ್ಪಿನ ಕರ, ಅಳಿದುಹೋದ ಕೈನೂಲು. ಬ್ರಿಟಿಷ್ ಇಂಡಿಯಾದಲ್ಲಿ ಅದು ನೇರವಾಗಿ ಎದೆಗೆ ತಾಗುವ ಮಾತು. 'ಮಾದರಿ ಸಂಸ್ಥಾನ'ವೆಂದು ಹೆಸರಾದ ಮೈಸೂರಿನಲ್ಲಿ, ರಾಜರ್ಷಿಯೆಂದು ಜನ ಕರೆದ ದೊರೆಯ ಎದುರು, ಆ ಪಟ್ಟಿಯೊಂದೇ ಸಾಕಾಗುತ್ತಿರಲಿಲ್ಲ. ಇಲ್ಲಿಯ ಹೋರಾಟಗಾರರು ಬೇರೆ ಕಾರಣ ಹುಡುಕಬೇಕಾಯಿತು. ಅವರು ಹುಡುಕಿದ್ದು ಒಂದೇ ಮಾತು: ಜವಾಬ್ದಾರಿ ಸರ್ಕಾರ.

ಆ ಮಾತನ್ನು ದಿನವೂ ಆಡುತ್ತ ನಾವು ಅದರ ಹೊಟ್ಟೆಯಲ್ಲಿರುವುದನ್ನು ಮರೆತಿದ್ದೇವೆ. ಜವಾಬು ಎಂದರೆ ಉತ್ತರ. ಜವಾಬ್ದಾರ ಎಂದರೆ ಕೇಳಿದಾಗ ಉತ್ತರ ಹೇಳಬೇಕಾದವನು. ಒಳ್ಳೆಯವನು ಎಂಬ ಅರ್ಥ ಅದರಲ್ಲಿ ಇಲ್ಲವೇ ಇಲ್ಲ. ಒಳ್ಳೆಯ ದೊರೆ ಕೇಳದೆಯೂ ಕೆರೆ ಕಟ್ಟಿಸಿಯಾನು. ಆದರೆ ಅವನ ತರುವಾಯ ಬರುವವನು? ಮಧ್ಯದಲ್ಲಿ ಕೂತ ದಿವಾನ? ಆಳ್ವಿಕೆ ಎಷ್ಟು ಕೆಟ್ಟಿದೆ ಎಂಬುದರ ಮೇಲೆ ಬಿಡುಗಡೆಯ ಹಕ್ಕು ನಿಂತಿದ್ದರೆ, ಚೆನ್ನಾಗಿ ಆಳುವ ಯಾರು ಬೇಕಾದರೂ ನಮ್ಮನ್ನು ಎಂದೆಂದಿಗೂ ಇಟ್ಟುಕೊಳ್ಳಬಹುದು. ಬೆಂಟಿಂಕ್ ಹೂಡಿದ್ದು ಇದೇ ವಾದವನ್ನು. ಅದಕ್ಕೇ ಮೈಸೂರಿನವರ ಕಾರಣ ಬಾಸ್ಟನ್ನಿನ ಚಹಾಕ್ಕಿಂತಲೂ ಒಂದು ಹೆಜ್ಜೆ ಮುಂದಿತ್ತು ಎಂದು ನಾನು ತಿಳಿಯುತ್ತೇನೆ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ಸಿನ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿದ ಮೇಲೆ, ಕಾಂಗ್ರೆಸ್ಸಿನ ಬಾವುಟವನ್ನೂ ಮೈಸೂರಿನ ಬಾವುಟವನ್ನೂ ಒಟ್ಟಿಗೆ ಹಾರಿಸಬಹುದೆಂದು ತೀರ್ಮಾನವಾಯಿತು. ನಮ್ಮ ಪಡಸಾಲೆಯ ಎರಡು ಪಟಗಳ ಹಾಗೆ.

ಇನ್ನು ಈಸೂರು. ಶಿಕಾರಿಪುರ ತಾಲ್ಲೂಕು. 1942ರ ಸೆಪ್ಟೆಂಬರ್ ಕೊನೆಯಲ್ಲಿ ಆ ಹಳ್ಳಿ ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಹಾರಿಸಿ, ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಕೂಗು ಇವತ್ತಿಗೂ ನಮ್ಮ ಬಾಯಲ್ಲಿದೆ. ಊರಬಾಗಿಲಲ್ಲಿ ಒಂದು ಬೋರ್ಡು ಹಾಕಿದ್ದರು: ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳು ಒಳಗೆ ಬರಕೂಡದು. ಲಂಡನ್ನಿನ ಹೆಸರಿಲ್ಲ, ಮಹಾರಾಜರ ಹೆಸರಿಲ್ಲ. ಯಾವ ವಕೀಲರೂ ಬರೆದುಕೊಡದ ಆ ಹಲಗೆಯ ಒಂದು ಶಬ್ದದಲ್ಲಿ ಇಡೀ ವಾದವಿದೆ.

ಹಳ್ಳಿಯ ಹೊಸ ಸರ್ಕಾರಕ್ಕೆ ಹುಡುಗ ಜಯಣ್ಣ ಅಮಲ್ದಾರ, ಇನ್ನೊಬ್ಬ ಹುಡುಗ ಮಲ್ಲಪ್ಪ ಸಬ್ ಇನ್ಸ್‌ಪೆಕ್ಟರ್. ಮಕ್ಕಳನ್ನು ಸರ್ಕಾರ ಜೈಲಿಗೆ ಹಾಕಲಾರದು ಎಂಬುದು ಹಿರಿಯರ ಎಣಿಕೆ. ನಗರದ ಕೂಟಗಳನ್ನು ಕಾಡಿದ ಆ 'ಅಮಲ್ದಾರ' ಎಂಬ ಹುದ್ದೆ, ನೂರು ವರ್ಷದ ಮೇಲೆ ಅದೇ ಮಲೆನಾಡ ಸೀಮೆಯಲ್ಲಿ ಒಬ್ಬ ಬಾಲಕನ ತಲೆಗೆ ಟೋಪಿಯಾಗಿ ಬಂದು ಕೂತಿತು. ಕೆಲವೇ ದಿನ. ಪೊಲೀಸರು ಬಂದರು, ಲಾಠಿ ಬಿತ್ತು, ಗುಂಡು ಹಾರಿತು. ರೊಚ್ಚಿಗೆದ್ದ ಜನರ ಕೈಯಲ್ಲಿ ಅಮಲ್ದಾರ್ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಸತ್ತರು. ಅವರೂ ನಮ್ಮವರೇ, ಅವರಿಗೂ ಮನೆಯಿತ್ತು. ಆ ಸಾವುಗಳಿಗಾಗಿ ನನಗೆ ದುಃಖವಿದೆ, ಅದನ್ನು ಹೋರಾಟದ ಹೆಸರಿನಲ್ಲಿ ಮುಚ್ಚಲಾರೆ. ಬಳಿಕ ಊರಿನ ಮೇಲೆ ಪಡೆ ಬಂತು, ಮನೆಗಳು ಹಾಳಾದವು, ಜನ ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ (ಆ ಹುಡುಗನಲ್ಲ, ಅದೇ ಹೆಸರಿನ ಇನ್ನೊಬ್ಬರು), ಸೂರ್ಯನಾರಾಯಣಾಚಾರಿ, ಹಾಲಪ್ಪ, ಗೌಡ ಶಂಕರಪ್ಪ, ಈ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಹಾಲಮ್ಮ, ಪಾರ್ವತಮ್ಮ, ಸಿದ್ಧಮ್ಮ ಎಂಬ ಹೆಂಗಸರಿಗೂ ಸೆರೆವಾಸ. ಶಿಕ್ಷೆ ಕೊಟ್ಟದ್ದು ಮೈಸೂರು ಸರ್ಕಾರವೇ.

ನಾಲ್ವಡಿಯವರು 1940ರಲ್ಲೇ ತೀರಿಕೊಂಡಿದ್ದರು. 1947ರ ಆಗಸ್ಟ್ 15 ಬಂದಾಗ ಮೈಸೂರು ಭಾರತ ಒಕ್ಕೂಟಕ್ಕೆ ಸೇರಿ ಆಗಿತ್ತು. ಇಂಗ್ಲಿಷರು ಹೋದರು, ರೆಸಿಡೆಂಟರ ಅಧಿಕಾರ ಮುಗಿಯಿತು. ಒಳಾಡಳಿತ ಮಾತ್ರ ದಿವಾನರ ಕೈಯಲ್ಲೇ ಉಳಿಯಿತು. ದಿವಾನರು ಈಗ ಯಾರಿಗೆ ಜವಾಬ್ದಾರರು? ಮೇಲೆ ಕೇಳುವವರು ಹೊರಟುಹೋಗಿದ್ದರು, ಕೆಳಗೆ ಕೇಳುವವರನ್ನು ಇನ್ನೂ ಒಳಗೆ ಬಿಟ್ಟಿರಲಿಲ್ಲ. ಸೆಪ್ಟೆಂಬರ್ 1ರಿಂದ 'ಮೈಸೂರು ಚಲೋ' ಶುರುವಾಯಿತು. ಸುಬ್ಬರಾಯನಕೆರೆಯ ಮೈದಾನ ಸಭೆಗಳಿಂದ ತುಂಬಿತು. ಬೀದಿಯಲ್ಲಿ ಎದ್ದ ಕೂಗು 'ಆರ್ಕಾಟ್ ಬಾಯ್ಕಾಟ್', ಅಂದರೆ ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ವಿರುದ್ಧ. ಅಮೆರಿಕದವರು ಪಾರ್ಲಿಮೆಂಟನ್ನು ಬಿಟ್ಟು ದೊರೆಯ ಕಡೆಗೆ ಬೆರಳು ತಿರುಗಿಸಿದರು, ಮೈಸೂರಿನವರು ದೊರೆಯನ್ನು ಬಿಟ್ಟು ದಿವಾನರ ಕಡೆಗೆ. ಅವರಿಗೆ ಎಳೆ ಕತ್ತರಿಸುವುದು ಬೇಕಿರಲಿಲ್ಲ, ಅದರ ತುದಿ ತಮ್ಮ ಕೈಗೆ ಬರಬೇಕಿತ್ತು.

ಆ ಸೆಪ್ಟೆಂಬರಿನಲ್ಲೇ ಫೈವ್ ಲೈಟ್ಸ್ ಸರ್ಕಲ್‌ನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗುತ್ತ ಬಂದಿತ್ತು. ನಾವೀಗ ಅದನ್ನು ರಾಮಸ್ವಾಮಿ ಸರ್ಕಲ್ ಎನ್ನುತ್ತೇವೆ, ಆಟೋದವರಿಗೆ ಅಷ್ಟು ಹೇಳಿದರೆ ಸಾಕು. ಸಿಗ್ನಲ್ಲಿಗೆ ನಿಂತಾಗ ಆ ಹುಡುಗನ ನೆನಪು ನಮ್ಮಲ್ಲಿ ಎಷ್ಟು ಜನರಿಗೆ ಬರುತ್ತದೋ! ಅಕ್ಟೋಬರಿನಲ್ಲಿ ಆಗಿನ ಮಹಾರಾಜ ಜಯಚಾಮರಾಜ ಒಡೆಯರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಒಡೆಯರು ಮುಂದೆ ರಾಜಪ್ರಮುಖರಾಗಿ, ಆಮೇಲೆ ರಾಜ್ಯಪಾಲರಾಗಿ ಜನರ ಮಧ್ಯೆಯೇ ಗೌರವದಿಂದ ಉಳಿದರು.

ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಮೊದಲ ಮಹಾಚುನಾವಣೆಯ ದಿನ ಅವರು ಬೆಳಗಿನ ಜಾವವೇ ತಲೆಗೆ ನೀರು ಹಾಕಿಕೊಂಡು, ಮದುವೆಗೆ ಉಡುವ ಮೈಸೂರು ರೇಷ್ಮೆ ಸೀರೆ ಉಟ್ಟು ಮತಗಟ್ಟೆಗೆ ಹೊರಟರಂತೆ. ಯಾರಿಗೆ ಹಾಕಿದಿರಿ ಎಂದು ತಾತ ಕೇಳಿದ್ದಕ್ಕೆ "ಅದನ್ನ ನಿಮಗ್ಯಾಕೆ ಹೇಳಲಿ?" ಎಂದರಂತೆ. ಮನೆಗೆ ಬಂದವರೇ ಶಾಯಿ ಹಚ್ಚಿದ ಬೆರಳಿನಲ್ಲೇ ಹೂ ಬಿಡಿಸಿ ಎರಡೂ ಪಟಗಳಿಗೆ ಏರಿಸಿದರಂತೆ. ಅವತ್ತು ಶುಕ್ರವಾರವೇನೂ ಆಗಿರಲಿಲ್ಲ.