ಪಾಲಿನೇಷ್ಯದ ಪ್ರಾಚೀನ ನಾವಿಕರು

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಶಾಂತಸಾಗರದ ನಡುವೆ ಸಿಡಿದಂತಿರುವ ಚುಕ್ಕೆಗಳನ್ನು ಹುಡುಗರು ಶಾಯಿಯ ಕಲೆಯೆಂದು ತಿಳಿಯುವುದುಂಟು. ಉತ್ತರಕ್ಕೆ ಹವಾಯಿ, ನೈಋತ್ಯಕ್ಕೆ ನ್ಯೂಜಿಲೆಂಡ್, ಆಗ್ನೇಯಕ್ಕೆ ಈಸ್ಟರ್ ದ್ವೀಪ. ಈ ಮೂರನ್ನೂ ಗೆರೆಯೆಳೆದು ಕೂಡಿಸಿದರೆ ಆಗುವ ಮಹಾತ್ರಿಕೋನವೇ ಪಾಲಿನೇಷ್ಯ. ಕನ್ನಡ ಮೇಷ್ಟರಿಗೆ ಅಷ್ಟು ದೂರದ ಕಡಲಿನ ಗೊಡವೆಯೇಕೆಂದು ತಾವು ನಗಬಹುದು. ನನ್ನನ್ನು ಅತ್ತ ಸೆಳೆದದ್ದು ಅಲ್ಲಿಯ ಶಬ್ದಗಳು.

1769ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ತಹೀತಿ ದ್ವೀಪದಿಂದ ಹೊರಟಾಗ ತುಪಾಯನೆಂಬ ಪುರೋಹಿತನೊಬ್ಬನು ಅವನ ಹಡಗನ್ನೇರಿದನು. ಕೆಲವು ತಿಂಗಳ ಮೇಲೆ ಹಡಗು ನ್ಯೂಜಿಲೆಂಡನ್ನು ಮುಟ್ಟಿತು. ಅಲ್ಲಿಯ ಮಾವೋರಿ ಜನರೊಡನೆ ತುಪಾಯನು ತನ್ನ ಮಾತಿನಲ್ಲಿಯೇ ಮಾತನಾಡಿದನು. ಅವರಿಗೆ ಅದು ಅರ್ಥವಾಯಿತು! ಒಡೆಯನಿಗೆ ಮಾವೋರಿಯಲ್ಲಿ ‘ಅರಿಕಿ’, ತಹೀತಿಯಲ್ಲಿ ‘ಅರಿಇ’, ಹವಾಯಿಯಲ್ಲಿ ‘ಅಲಿಇ’. ನಮ್ಮ ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ ಅಲ್ಲಿಯೂ ಧ್ವನಿಗಳು ನಿಯಮವನ್ನನುಸರಿಸಿ ಮಾರ್ಪಟ್ಟಿವೆ. ಹವಾಯಿಯವರ ಬಾಯಲ್ಲಿ ಹಳೆಯ ತಕಾರವು ಕಕಾರವಾಗಿದೆ. ತಹೀತಿ ಎಂಬುದು ‘ಕಹಿಕಿ’ ಆಗಿದೆ. ದೂರದ ನಾಡು ಎಂಬ ಅರ್ಥವೂ ಅದಕ್ಕುಂಟು. ಈ ಕಹಿಕಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ತಮ್ಮ ಹಿರಿಯರು ಕಹಿಕಿಯಿಂದ ಬಂದರು, ಮತ್ತೆ ಅಲ್ಲಿಗೆ ಹೋಗಿಬರುತ್ತಿದ್ದರು ಎಂಬುದು ಹವಾಯಿಯವರ ಐತಿಹ್ಯ. ಇದನ್ನು ಪಂಡಿತರೆಲ್ಲ ನಂಬಲಿಲ್ಲ. 1956ರಲ್ಲಿ ನ್ಯೂಜಿಲೆಂಡಿನ ಆಂಡ್ರ್ಯೂ ಶಾರ್ಪ್ ಎಂಬ ಇತಿಹಾಸಕಾರರು ಬೇರೊಂದು ವಾದವನ್ನು ಹೂಡಿದರು. ದಿಕ್ಸೂಚಿಯಿಲ್ಲದ ಜನ ಮುನ್ನೂರು ಮೈಲಿಗೆ ಮೀರಿದ ದ್ವೀಪಕ್ಕೆ ಬೇಕೆಂದು ಹೋಗಿ ಮರಳಲಾರರು; ಬಿರುಗಾಳಿಗೆ ಸಿಕ್ಕವರೋ ನಾಡು ಬಿಟ್ಟವರೋ ಎಲ್ಲಿಯೋ ದಡ ಸೇರಿದರು ಎಂದು ಅವರ ಅಭಿಪ್ರಾಯ. ಇದು ನಿಜವಾದರೆ ಒಂದು ಜನಾಂಗದ ನೆನಪೆಲ್ಲ ಬರಿಯ ಕಟ್ಟುಕತೆಯೆಂದಾಯಿತು.

1976ರಲ್ಲಿ ಹೋಕುಲೇಆ ಎಂಬ ಜೋಡಿದೋಣಿ, ಯಂತ್ರೋಪಕರಣಗಳ ನೆರವಿಲ್ಲದೆ, ಸುಮಾರು ಒಂದು ತಿಂಗಳಲ್ಲಿ ಹವಾಯಿಯಿಂದ ತಹೀತಿಯನ್ನು ತಲುಪಿತು. ನಕ್ಷತ್ರಗಳನ್ನೂ ತೆರೆಗಳ ಏರಿಳಿತವನ್ನೂ ಕಡಲ ಹಕ್ಕಿಗಳನ್ನೂ ನೋಡಿ ದಾರಿ ತೋರಿಸಿದವರು ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮೌ ಪಿಯಾಇಲುಗ್. ಹವಾಯಿಯಲ್ಲಿ ಆ ವಿದ್ಯೆ ಬಲ್ಲವರೇ ಆಗ ಉಳಿದಿರಲಿಲ್ಲ. ಹಾಗೆ ಹೋಗಲು ಸಾಧ್ಯವೆಂಬುದೇನೋ ಸಿದ್ಧವಾಯಿತು. ಹಿಂದಿನವರು ಹೋಗಿದ್ದರೆಂಬುದಕ್ಕೆ ಸಾಕ್ಷಿ ಬೇಕಷ್ಟೆ? ಆ ಸಾಕ್ಷಿ ಹೇಳಿದ್ದು ಒಂದು ಕಲ್ಲಿನ ಬಾಚಿ.

ತಹೀತಿಯ ಈಶಾನ್ಯಕ್ಕೆ ತುವಾಮೋತು ಎಂಬ ದ್ವೀಪಮಾಲೆಯಿದೆ. ಅವು ಹವಳದ ದ್ವೀಪಗಳು. ಮರ ಕೆತ್ತಲು ಬೇಕಾದ ಗಟ್ಟಿ ಕರಿಗಲ್ಲು ಅಲ್ಲಿ ಹುಟ್ಟುವುದೇ ಇಲ್ಲ. ಬಾಚಿಯಿಲ್ಲದೆ ದೋಣಿಯಿಲ್ಲ, ದೋಣಿಯಿಲ್ಲದೆ ಅಲ್ಲಿ ಬಾಳಿಲ್ಲ. ಹಾಗಾಗಿ ಕಲ್ಲು ಬೇರೆ ದ್ವೀಪಗಳಿಂದ ಬರಲೇಬೇಕು. ಸುಮಾರು 1930ರ ಹೊತ್ತಿಗೆ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದ ಕೆನೆತ್ ಎಮರಿಯವರು ಇಂಥ ಬಾಚಿಗಳನ್ನು ಅಲ್ಲಿ ಸಂಗ್ರಹಿಸಿದ್ದರು. ಒಂದೊಂದು ಜ್ವಾಲಾಮುಖಿಯ ಕಲ್ಲಿನಲ್ಲಿಯೂ ದ್ರವ್ಯಗಳ ಪ್ರಮಾಣ ಬೇರೆಬೇರೆ. ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚುವಂತೆ, ಕೊಲ್ಲರ್ಸನ್ ಮತ್ತು ವೈಸ್ಲರ್ ಎಂಬ ವಿಜ್ಞಾನಿಗಳು 19 ಬಾಚಿಗಳನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಾಪುಕಾ ಎಂಬ ದ್ವೀಪದ ಒಂದು ಬಾಚಿಯ ಕಲ್ಲು, ಸುಮಾರು 4,000 ಕಿಲೋಮೀಟರ್ ದೂರದ ಹವಾಯಿಯ ಕಹೋಲಾವೆ ದ್ವೀಪದ್ದಾಗಿತ್ತು. ಹವಾಯಿಗೆ ಜನ ಬಂದದ್ದು ದಕ್ಷಿಣದಿಂದ. ಈ ಕಲ್ಲು ಹೋದದ್ದು ದಕ್ಷಿಣಕ್ಕೆ. ಎಂದಮೇಲೆ ಬಂದವರು ಮರಳಿಯೂ ಹೋಗಿದ್ದಾರೆ. ಆ ಕಹೋಲಾವೆಯ ಪಶ್ಚಿಮದ ತುದಿಯ ಭೂಶಿರಕ್ಕೆ ಇರುವ ಹೆಸರು ‘ಕೆ ಅಲ ಇ ಕಹಿಕಿ’. ಕಹಿಕಿಯ ದಾರಿ ಎಂದು ಅದರ ಅರ್ಥ! ಬಾಚಿಯನ್ನು ಪರೀಕ್ಷಿಸುವ ಮೊದಲೇ ಶಬ್ದವು ಈ ಮಾತನ್ನು ಹೇಳಿಕೊಂಡು ಕುಳಿತಿತ್ತು. ಇದನ್ನು ಓದಿದ ದಿನ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ!

ಹಾಗಿದ್ದರೆ ಹವಾಯಿಯವರು ಆ ವಿದ್ಯೆಯನ್ನು ಮರೆತದ್ದೇಕೆ? ದೊಡ್ಡ ದೋಣಿಯೆಂದರೆ ಸಣ್ಣ ಕೆಲಸವಲ್ಲ. ಮರ ಕಡಿಯುವವರು, ಕೆತ್ತುವವರು, ತೆಂಗಿನ ನಾರಿನ ಹುರಿ ಹೊಸೆಯುವವರು, ಇವರೆಲ್ಲರಿಗೂ ಅನ್ನವಿಕ್ಕಬಲ್ಲ ಒಡೆಯನು ಬೇಕು. ಕಾಲಕ್ರಮದಲ್ಲಿ ಜನ ಹೆಚ್ಚಿ, ಗೆಣಸಿನ ಹೊಲಗಳು ಬೆಟ್ಟದ ಇಳಿಜಾರುಗಳಲ್ಲಿ ಹಬ್ಬಿದಂತೆ, ಒಡೆಯರ ಗಮನ ಕಡಲಿನಿಂದ ನೆಲದ ಕಡೆಗೆ, ಕಪ್ಪಕಾಣಿಕೆಗಳ ಕಡೆಗೆ ತಿರುಗಿತೆಂದು ವಿದ್ವಾಂಸರು ಊಹಿಸುತ್ತಾರೆ. ಮಾವಿ ದ್ವೀಪದ ಕಹಿಕಿನುಯಿ ಪ್ರಾಂತದಲ್ಲಿ (‘ದೊಡ್ಡ ಕಹಿಕಿ’, ಹೆಸರನ್ನು ಗಮನಿಸಿ) ಕಲ್ಲುಕಟ್ಟಡದ ದೇವಸ್ಥಾನಗಳಿವೆ. ಕಟ್ಟುವಾಗ ಸಮುದ್ರದಿಂದ ಆಗತಾನೆ ತಂದ ಹವಳದ ಕೊಂಬೆಗಳನ್ನು ದೇವರಿಗೆ ಅರ್ಪಿಸುತ್ತಿದ್ದರು. ಹವಳದಲ್ಲಿರುವ ಯುರೇನಿಯಂ ಮತ್ತು ಥೋರಿಯಂಗಳ ಪ್ರಮಾಣದಿಂದ ಅದರ ವಯಸ್ಸನ್ನು ಕೆಲವೇ ವರ್ಷಗಳ ಅಂತರದಲ್ಲಿ ಹೇಳಬಹುದು. 2005ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆ ದೇವಸ್ಥಾನಗಳ ಸಮೂಹವು ಎದ್ದದ್ದು 1580ರಿಂದ 1640ರ ಒಳಗೆ. ಶತಮಾನಗಳ ಕೆಲಸವೆಂದು ತಿಳಿದಿದ್ದುದು ಎರಡು ತಲೆಮಾರುಗಳ ಕೆಲಸವಾಗಿತ್ತು. ಒಬ್ಬ ಪ್ರಬಲ ಒಡೆಯನ ಕೈ ಅಲ್ಲಿ ಕಾಣುತ್ತದೆ. 1778ರಲ್ಲಿ ಕುಕ್ ಹವಾಯಿಗೆ ಬರುವ ಹೊತ್ತಿಗೆ ಅಂಥ ಒಡೆಯರು ಸಾವಿರಾರು ಆಳುಗಳನ್ನು ಆಳುತ್ತಿದ್ದರು. ತಹೀತಿಗೆ ಹೋಗುವ ದೋಣಿಗಳು ನಿಂತು ಎಷ್ಟೋ ತಲೆಮಾರುಗಳಾಗಿದ್ದವು.