ಕಿತ್ತುಕೊಂಡ ದನಿಯನ್ನು ಮರಳಿ ಕೊಡಿಸಿದ ವಕೀಲ

ಲೂಯಿಸ್ ನೈಝರ್ ಅಮೆರಿಕದ ಸಿನಿಮಾ, ನಾಟಕ ಮತ್ತು ಪ್ರಸಾರ ಲೋಕದ ಹೆಸರಾಂತ ವಕೀಲರಾಗಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಹೆತ್ತವರೊಂದಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದರು. ತಂದೆ ಬಟ್ಟೆ ಶುಚಿಗೊಳಿಸುವ ಅಂಗಡಿ ನಡೆಸಿ ಸಂಸಾರ ಸಾಕಿದರು; ಮಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1924ರಲ್ಲಿ ಕಾನೂನು ಪದವಿ ಪಡೆದರು. ವಕೀಲಿಯ ಜೊತೆಗೆ ಚಿತ್ರ ಬರೆದರು, ಹಾಡು ಕಟ್ಟಿದರು, ಪುಸ್ತಕಗಳನ್ನು ಬರೆದರು. ತಾವು ವಾದಿಸಿದ ಮೊಕದ್ದಮೆಗಳನ್ನು ಕುರಿತ ಅವರ 1961ರ ಪುಸ್ತಕ ಅಪಾರ ಓದುಗರನ್ನು ಗಳಿಸಿತು.

ಅವರ ಬದುಕಿನ ದೊಡ್ಡ ಸಾಹಸ ಒಬ್ಬ ರೇಡಿಯೊ ಮಾತುಗಾರನಿಗಾಗಿ ನಡೆಸಿದ ಹೋರಾಟ. 1950ರ ದಶಕದಲ್ಲಿ ಕಮ್ಯುನಿಸ್ಟರೆಂಬ ಶಂಕೆ ಬಿದ್ದ ಕಲಾವಿದರ ಹೆಸರು ಕಪ್ಪುಪಟ್ಟಿ ಸೇರುತ್ತಿತ್ತು. ವಿಚಾರಣೆ ಇಲ್ಲ, ಉತ್ತರ ಕೊಡಲು ಅವಕಾಶವಿಲ್ಲ. ಕೆಲಸ ಮಾತ್ರ ಸದ್ದಿಲ್ಲದೆ ನಿಂತುಹೋಗುತ್ತಿತ್ತು. ಟೆಕ್ಸಸ್ಸಿನ ಜಾನ್ ಹೆನ್ರಿ ಫಾಕ್ ನ್ಯೂಯಾರ್ಕಿನ ಸಿಬಿಎಸ್ ರೇಡಿಯೊದಲ್ಲಿ ಹಳ್ಳಿಯ ಹಾಸ್ಯಕ್ಕೆ ಹೆಸರಾಗಿದ್ದರು. ಕಪ್ಪುಪಟ್ಟಿಯನ್ನು ವಿರೋಧಿಸಿದವರೊಂದಿಗೆ ಸೇರಿ ಅವರು ಕಲಾವಿದರ ಸಂಘದ ಚುನಾವಣೆಯಲ್ಲಿ ಗೆದ್ದರು. ಬೆನ್ನಲ್ಲೇ ‘ಅವೇರ್’ ಎಂಬ ಸಂಸ್ಥೆ ತನ್ನ ಪತ್ರಿಕೆಯಲ್ಲಿ ಅವರ ಮೇಲೂ ಕಮ್ಯುನಿಸ್ಟ್ ನಂಟಿನ ಆರೋಪ ಹೊರಿಸಿತು. 1956ರಲ್ಲಿ ಫಾಕ್ ಮಾನನಷ್ಟ ಮೊಕದ್ದಮೆ ಹೂಡಿದರು. ಮರುವರ್ಷ ಅವರ ಕೆಲಸ ಹೋಯಿತು.

ವಕೀಲರ ಖರ್ಚಿಗೆ ಪ್ರಸಿದ್ಧ ಪತ್ರಕರ್ತ ಎಡ್ವರ್ಡ್ ಮರೊ ಹಣ ಕೊಟ್ಟರು. ಫಾಕ್ ಪರ ನಿಂತ ನೈಝರ್ ವರ್ಷಗಟ್ಟಲೆ ಕಾಗದಪತ್ರ ಹುಡುಕಿದರು, ಅಂಜುತ್ತಿದ್ದ ಸಾಕ್ಷಿಗಳನ್ನು ಕಂಡು ಮಾತಾಡಿದರು. ಕೊನೆಗೆ ಆಸ್ಕರ್ ವಿಜೇತ ನಟಿ ಕಿಮ್ ಹಂಟರ್ ಕಟಕಟೆ ಹತ್ತಿದರು. ಮಗುವಿನ ಪಾತ್ರಕ್ಕೆ ಪುಟ್ಟ ಹುಡುಗಿಯನ್ನು ಆರಿಸಲೂ ಕಪ್ಪುಪಟ್ಟಿ ನೋಡುವ ಮೇಲಿನವರ ಒಪ್ಪಿಗೆ ಬೇಕಿತ್ತೆಂದು ನಿರ್ಮಾಪಕ ಡೇವಿಡ್ ಸಸ್ಕೈಂಡ್ ಸಾಕ್ಷಿ ನುಡಿದರು. 1962ರಲ್ಲಿ ಜ್ಯೂರಿ 35 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ ಐದೂವರೆ ಲಕ್ಷಕ್ಕೆ ಇಳಿದರೂ ಕಪ್ಪುಪಟ್ಟಿಯ ಬೆನ್ನುಮೂಳೆ ಮುರಿಯಿತು.

ನೈಝರ್ ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದ ಚಲನಚಿತ್ರ ಸಂಘದ ಕಾನೂನು ಸಲಹೆಗಾರರಾಗಿ 1968ರಲ್ಲಿ ಸಿನಿಮಾಗಳ ವಯೋಮಾನ ವರ್ಗೀಕರಣ ರೂಪಿಸಲು ನೆರವಾದರು. ಚಿತ್ರವೊಂದನ್ನು ತೋರಿಸಿದ ತಪ್ಪಿಗೆ ಜಾರ್ಜಿಯಾ ರಾಜ್ಯದಲ್ಲಿ ಶಿಕ್ಷೆಗೊಳಗಾಗಿದ್ದ ಚಿತ್ರಮಂದಿರದ ವ್ಯವಸ್ಥಾಪಕನ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ, 1974ರಲ್ಲಿ ಗೆದ್ದರು. 1994ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ ಹಿರಿಯರು. ಆದರೆ ಸತ್ಯ ತಾನಾಗಿಯೇ ನ್ಯಾಯಾಲಯಕ್ಕೆ ನಡೆದು ಬರುವುದಿಲ್ಲ. ಫಾಕ್ ಅವರ ಹೆಸರು ಕೆಡಿಸಲು ಒಂದು ಪತ್ರಿಕೆ ಸಾಕಾಯಿತು. ಆ ಕಳಂಕ ತೊಳೆಯಲು ಆರು ವರ್ಷ ಬೇಕಾಯಿತು. ಆರೋಪ ಹೊರಿಸುವವರಿಗೆ ಇಲ್ಲದ ಶ್ರಮವೆಲ್ಲ ನಿರಪರಾಧಿಯ ಹೆಗಲೇರುತ್ತದೆ. ಆ ಭಾರಕ್ಕೆ ಹೆಗಲು ಕೊಡುವ ಗೆಳೆಯ, ಭಯ ಮೀರಿ ನುಡಿಯುವ ಸಾಕ್ಷಿ, ದಣಿಯದ ವಕೀಲ ಒಟ್ಟುಗೂಡಿದಾಗಲೇ ನ್ಯಾಯ ದೊರೆಯುತ್ತದೆ. ಯಾರದೋ ಮೇಲಿನ ದೂರು ಕಿವಿಗೆ ಬಿದ್ದಾಗ ಅದನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ ಆಧಾರ ಕೇಳುವುದು ಈ ನ್ಯಾಯದ ಮೊದಲ ಹೆಜ್ಜೆ. ಅದಕ್ಕೆ ವಕೀಲರೇ ಆಗಬೇಕೆಂದಿಲ್ಲ.