ಪಾಂಡೇಸರಾದಲ್ಲಿ ಕನ್ನಡ ಕಲಿತ ಬೂದುಗಿಳಿ



ಬೆಳಿಗ್ಗೆ ಆರು ಗಂಟೆಗೆ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ. ಒಂದು, ಎರಡು, ಮೂರು. ಅಡುಗೆಮನೆಗೆ ಹೋಗಿ ನೋಡಿದರೆ ಒಲೆಯನ್ನೇ ಹಚ್ಚಿರುವುದಿಲ್ಲ. ಮರುಕ್ಷಣವೇ ನನ್ನ ಮನೆಯಾಕೆಯ ದನಿ ಕೇಳುತ್ತದೆ: "ರೀ, ಏಳ್ರಿ, ನೀರು ಬಂತು!" ಮನೆಯಾಕೆ ಮಾತ್ರ ಪಕ್ಕದಲ್ಲೇ ಗಾಢ ನಿದ್ದೆಯಲ್ಲಿರುತ್ತಾಳೆ. ಈ ಎರಡೂ ಕೆಲಸ ನಮ್ಮ ಬೂದ್ಯಾನದು. ಬೂದ್ಯಾ ಅಂದರೆ ನಮ್ಮ ಮನೆಯಲ್ಲಿರುವ ಆಫ್ರಿಕಾದ ಬೂದುಗಿಳಿ.

ನಾವಿರುವುದು ಸೂರತ್‌ನ ಪಾಂಡೇಸರಾದಲ್ಲಿ. ನಿಮ್ಮ ಮನೆಯ ಬೀರುವಿನಲ್ಲಿ ಸೂರತ್ತಿನ ಪ್ರಿಂಟೆಡ್ ಸೀರೆ ಒಂದಾದರೂ ಇದ್ದೀತು. ಅದು ಬಣ್ಣ ಕಂಡಿದ್ದು ನಮ್ಮ ಓಣಿಯ ಆಚೆಗಿರುವ ಡೈಯಿಂಗ್ ಮಿಲ್ಲುಗಳಲ್ಲೇ ಇರಬಹುದು. ನಾನು ರಬಕವಿ-ಬನಹಟ್ಟಿಯ ಮಗ್ಗದ ಮನೆಯವನು. ಬಣ್ಣದ ಕೆಲಸ ಗೊತ್ತಿತ್ತು, ಹೊಟ್ಟೆಪಾಡಿಗೆ ಇಲ್ಲಿಗೆ ಬಂದೆ. ನಮ್ಮ ಚಾಳಿನಲ್ಲಿ ಒಡಿಶಾದ ಗಂಜಾಂ ಕಡೆಯವರಿದ್ದಾರೆ, ಬಿಹಾರದವರಿದ್ದಾರೆ, ಖಾನ್ದೇಶದ ಮರಾಠಿಯವರಿದ್ದಾರೆ. ಕನ್ನಡ ಮಾತಾಡುವ ಮನೆ ನಮ್ಮದೊಂದೇ. ಕನ್ನಡ ಮಾತಾಡುವ ಗಿಳಿ ಈ ಊರಿನಲ್ಲಿ ಇನ್ನೊಂದಿದ್ದರೆ ದಯವಿಟ್ಟು ನನಗೆ ತಿಳಿಸಿ!

ಬೂದ್ಯಾನನ್ನು ನಾನು ದುಡ್ಡು ಕೊಟ್ಟು ತಂದವನಲ್ಲ. 2013ರಲ್ಲಿ ಪರಿಚಯದ ಬಣ್ಣದ ವ್ಯಾಪಾರಿಯೊಬ್ಬರು ಸಂಸಾರ ಸಮೇತ ಕೆನಡಾಕ್ಕೆ ಹೊರಟರು. ಹಕ್ಕಿಯನ್ನು ಕರೆದೊಯ್ಯುವಂತಿರಲಿಲ್ಲ. "ಎರಡು ದಿನ ಇಟ್ಟುಕೊಳ್ಳಿ, ಬೇರೆ ಮನೆ ನೋಡುತ್ತೇನೆ" ಅಂದರು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಆಗ ಅದಕ್ಕೆ ಮೂರು ವರ್ಷ, ಹೆಸರು ಮಿಠ್ಠು. "ಕೇಮ್ ಛೋ" ಒಂದೇ ಅದಕ್ಕೆ ಬರುತ್ತಿದ್ದ ಮಾತು. ಬೂದಿ ಬಣ್ಣದ ಮೈ ನೋಡಿ ಮನೆಯಾಕೆ ಬೂದ್ಯಾ ಅಂತ ಕರೆದಳು. ಗಂಡೋ ಹೆಣ್ಣೋ ನಮಗೆ ಗೊತ್ತಿಲ್ಲ. ಈ ಜಾತಿಯಲ್ಲಿ ನೋಡಿದರೆ ತಿಳಿಯುವುದಿಲ್ಲ, ಗರಿಯನ್ನೋ ರಕ್ತವನ್ನೋ ಕಳಿಸಿ ಡಿಎನ್ಎ ಪರೀಕ್ಷೆ ಮಾಡಿಸಬೇಕು. ಅದಕ್ಕಿಲ್ಲದ ಚಿಂತೆ ನಮಗ್ಯಾಕೆ ಅಂತ ಬಿಟ್ಟಿದ್ದೇವೆ.

ನಿಮಗೆ ಈ ಹಕ್ಕಿಯ ಪರಿಚಯ ಹೇಳಿಬಿಡುತ್ತೇನೆ. ಉದ್ದ ಸುಮಾರು ಒಂದು ಅಡಿ, ತೂಕ ಅರ್ಧ ಕಿಲೋದ ಒಳಗೆ. ಮೈಯೆಲ್ಲ ಬೂದು, ಬಾಲ ಮಾತ್ರ ಕುಂಕುಮ ಕೆಂಪು. ಕಾಂಗೋ, ಕ್ಯಾಮರೂನ್, ಗಬಾನ್, ಘಾನಾ ಕಡೆಯ ಕಾಡುಗಳು ಇದರ ತವರು. ಅಲ್ಲಿ ಇವು ದೊಡ್ಡ ಹಿಂಡುಗಳಲ್ಲಿ ಬದುಕುತ್ತವೆ. ಒಂಟಿಯಾಗಿರುವುದು ಇದರ ಜಾಯಮಾನವೇ ಅಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಿಳಿಗೆ ನಮ್ಮ ಹಾಗೆ ಗಂಟಲಲ್ಲಿ ಧ್ವನಿತಂತುಗಳಿಲ್ಲ. ಶ್ವಾಸನಾಳದ ಬುಡದಲ್ಲಿ, ಅದು ಎರಡಾಗಿ ಒಡೆಯುವ ಕಡೆ, ಬೇರೊಂದು ಅಂಗವಿದೆ. ದನಿ ಹುಟ್ಟುವುದು ಅಲ್ಲಿಂದ. ದಪ್ಪ ನಾಲಿಗೆ ಅದನ್ನು ತಿದ್ದುತ್ತದೆ. ಮಾತು ಅಂದರೆ ಬರೀ ಅನುಕರಣೆಯೇ? ಅಮೆರಿಕದ ವಿಜ್ಞಾನಿ ಐರಿನ್ ಪೆಪ್ಪರ್‌ಬರ್ಗ್ ಇದೇ ಪ್ರಶ್ನೆ ಹಿಡಿದು 1977ರಲ್ಲಿ ಅಂಗಡಿಯಿಂದ ಒಂದು ಬೂದುಗಿಳಿ ತಂದರು. ಅದರ ಹೆಸರು ಅಲೆಕ್ಸ್. ಅದು ಸುಮಾರು 50 ವಸ್ತುಗಳ ಹೆಸರು, ಏಳು ಬಣ್ಣ, ಐದು ಆಕಾರ ಕಲಿತಿತ್ತು, ಆರರವರೆಗೆ ಎಣಿಸುತ್ತಿತ್ತು. ತಟ್ಟೆಯಲ್ಲಿ ಎರಡು ವಸ್ತು ಇಟ್ಟು ಇವುಗಳಲ್ಲಿ ಬೇರೆ ಏನಿದೆ ಅಂದರೆ ಬಣ್ಣವೋ ಆಕಾರವೋ ಹೇಳುತ್ತಿತ್ತು. 2007ರ ಸೆಪ್ಟೆಂಬರ್‌ನಲ್ಲಿ, 31ನೇ ವಯಸ್ಸಿಗೆ ತೀರಿಕೊಂಡಾಗ ಪತ್ರಿಕೆಗಳು ಅದರ ಮರಣವಾರ್ತೆ ಬರೆದವು.

ಅಲೆಕ್ಸನಿಗೆ ಅವರು ಕಲಿಸಿದ ರೀತಿ ಕೇಳಿ. ಹಕ್ಕಿಯ ಎದುರು ಇಬ್ಬರು ಮನುಷ್ಯರು ಕೂರುತ್ತಿದ್ದರು. ಒಬ್ಬರು ವಸ್ತು ಹಿಡಿದು ಇದೇನು ಅಂತ ಕೇಳುವುದು, ಇನ್ನೊಬ್ಬರು ಸರಿಯಾಗಿ ಹೇಳಿ ಅದನ್ನು ಪಡೆದುಕೊಳ್ಳುವುದು. ಗಿಳಿಗೆ ಹೊಟ್ಟೆಕಿಚ್ಚು. ತಾನೂ ಆ ಮಾತುಕತೆಯಲ್ಲಿ ಸೇರಬೇಕು ಅಂತ ಕಲಿಯುತ್ತಿತ್ತು.

ನಮ್ಮ ಬೂದ್ಯಾ ಕನ್ನಡ ಕಲಿತದ್ದೂ ಹೀಗೆಯೇ. ನಾನು ಅದರ ಮುಂದೆ ನಿಂತು ರಾಮ ರಾಮ ಅನ್ನು ಅಂತ ಗಂಟೆಗಟ್ಟಲೆ ಹೇಳಿದೆ, ಒಂದು ಅಕ್ಷರ ಬರಲಿಲ್ಲ. ನಾವು ಗಂಡ ಹೆಂಡತಿ ರಾತ್ರಿ ಊಟಕ್ಕೆ ಕೂತು ಮಾತಾಡಿದ್ದನ್ನೆಲ್ಲ ಕಲಿತುಬಿಟ್ಟಿತು. "ರೀ, ಊಟಾ ಆತೇನು?" "ಸಾಕು ಬಿಡು." "ಉಪ್ಪು ಕಮ್ಮಿ ಆಗೇತಿ." ನನಗೆ ಬಂದ ಬೈಗುಳಗಳನ್ನೂ ಬಿಡಲಿಲ್ಲ. ಮಗ ಪುಣೆಯಿಂದ ಬಂದಾಗ ಅವನಿಗಿಂತ ಬೂದ್ಯಾನ ಕನ್ನಡವೇ ಸ್ವಚ್ಛ ಅಂತ ಮನೆಯಾಕೆ ಚುಚ್ಚುತ್ತಾಳೆ. ಅವನು ನಗುತ್ತಾನೆ, ಹಿಂದಿಯಲ್ಲಿ ಉತ್ತರ ಕೊಡುತ್ತಾನೆ.

ಈಗ ದಿನಚರಿ. ಇಂಥ ಹಕ್ಕಿ ಸಾಕುವುದು ಅಂದರೆ ಪಂಜರಕ್ಕೆ ಕಾಳು ಹಾಕಿ ಹೋಗುವುದು ಅಂತ ತಿಳಿದಿದ್ದರೆ ಆ ಆಸೆ ಬಿಡಿ. ಬರೀ ಸೂರ್ಯಕಾಂತಿ ಬೀಜ ಕೊಟ್ಟರೆ ಇದಕ್ಕೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ಫಿಟ್ಸ್ ಬರಬಹುದು. ನಾವು ಹಕ್ಕಿಗಳ ಪೆಲೆಟ್ ಜೊತೆಗೆ ನುಗ್ಗೆಸೊಪ್ಪು, ಗಜ್ಜರಿ, ಮೆಕ್ಕೆಜೋಳ, ದಾಳಿಂಬೆ ಕೊಡುತ್ತೇವೆ. ಕೆಂಪು ಮೆಣಸಿನಕಾಯಿ ಅಂದರೆ ಪ್ರಾಣ. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ, ನಮ್ಮ ಬ್ಯಾಡಗಿಯನ್ನು ಪೇಡೆ ತಿಂದಂತೆ ತಿನ್ನುತ್ತದೆ. ಚಾಕಲೇಟು, ಬೆಣ್ಣೆಹಣ್ಣು, ಚಹಾ, ಕಾಫಿ ಅದಕ್ಕೆ ವಿಷ. ಬೆಳಗಿನ ಎಳೆಬಿಸಿಲು ಬೇಕು, ವಾರಕ್ಕೆ ಎರಡು ಮೂರು ಸಲ ನೀರಿನ ತುಂತುರು ಬೇಕು. ಗರಿಯಿಂದ ಉದುರುವ ಬಿಳಿ ಪುಡಿ ಮನೆಯೆಲ್ಲ ಹರಡುತ್ತದೆ, ದಿನಾ ಒರೆಸಬೇಕು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕತ್ತಲೆಯಲ್ಲಿ ನಿದ್ದೆ ಬೇಕು. ಎದ್ದಿರುವಷ್ಟು ಹೊತ್ತು ಕಚ್ಚಿ ಒಡೆಯಲು ಕಟ್ಟಿಗೆ ಬೇಕು, ಇಲ್ಲದಿದ್ದರೆ ನಿಮ್ಮ ಕುರ್ಚಿ ಹೋಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಜೋಡಿಸಿಕೊಂಡಿರುತ್ತವೆ. ಉಸಿರಿನಲ್ಲಿರುವುದನ್ನು ಅದು ನಮಗಿಂತ ಚೆನ್ನಾಗಿ ಹೀರುತ್ತದೆ, ಪ್ರಾಣವಾಯುವನ್ನೂ, ವಿಷವನ್ನೂ. ನಾನ್‌ಸ್ಟಿಕ್ ತವಾ ಖಾಲಿ ಇಟ್ಟು ಅತಿಯಾಗಿ ಕಾಯಿಸಿದರೆ ಅದರಿಂದ ಬರುವ ಹೊಗೆ ನಿಮಗೆ ವಾಸನೆಯೂ ಬಡಿಯಲಿಕ್ಕಿಲ್ಲ, ಗಿಳಿ ಮಾತ್ರ ನಿಮಿಷಗಳಲ್ಲಿ ಸಾಯಬಹುದು. ನಮ್ಮ ಮನೆಯಲ್ಲಿ ಕಬ್ಬಿಣದ ಹಂಚು ಬಿಟ್ಟರೆ ಬೇರೆ ಇಲ್ಲ. ಊದಿನಕಡ್ಡಿ, ಸೊಳ್ಳೆಬತ್ತಿ ಬಂದ್. ಪಾಂಡೇಸರಾದ ಹೊಗೆಯನ್ನು ನಾನು ನಿಲ್ಲಿಸಲಾರೆ. ಮಿಲ್ಲಿನ ಕಡೆಯಿಂದ ಗಾಳಿ ಬೀಸಿದಾಗ ಕಿಟಕಿ ಹಾಕುತ್ತೇವೆ, ಅಷ್ಟೇ.

ಜನವರಿಯಲ್ಲಿ ಇನ್ನೂ ಒಂದು ಎಚ್ಚರ. ಉತ್ತರಾಯಣಕ್ಕೆ ಗುಜರಾತಿನ ಆಕಾಶವೆಲ್ಲ ಗಾಳಿಪಟದ ದಾರ. ಗಾಜುಪುಡಿ ಹಚ್ಚಿದ ದಾರಕ್ಕೆ ಸಿಕ್ಕಿ ಹಕ್ಕಿಗಳು ರೆಕ್ಕೆ ಕಳೆದುಕೊಳ್ಳುತ್ತವೆ. ಅವುಗಳ ಚಿಕಿತ್ಸೆಗೆಂದೇ ಇಲ್ಲಿಯ ಸರ್ಕಾರ 2017ರಿಂದ ಕರುಣಾ ಅಭಿಯಾನ ನಡೆಸುತ್ತಿದೆ. ಆ ವಾರ ನಾವು ಬಾಗಿಲು ತೆರೆಯುವ ಮೊದಲು ಬೂದ್ಯಾ ಎಲ್ಲಿದ್ದಾನೆ ಅಂತ ಎರಡು ಸಲ ನೋಡುತ್ತೇವೆ. 2022ರ ಜುಲೈನಲ್ಲಿ ನಮ್ಮ ತುಮಕೂರಿನಲ್ಲಿ ಆದದ್ದು ನಿಮಗೆ ನೆನಪಿರಬಹುದು. ರುಸ್ತುಮಾ ಅನ್ನುವ ಬೂದುಗಿಳಿ ಮನೆಯಿಂದ ಹಾರಿಹೋಯಿತು. ಮನೆಯವರು ಊರೆಲ್ಲ ಪೋಸ್ಟರ್ ಅಂಟಿಸಿ 50 ಸಾವಿರ ಬಹುಮಾನ ಸಾರಿದರು. ಸಿಕ್ಕಾಗ, ತಂದುಕೊಟ್ಟವರಿಗೆ 85 ಸಾವಿರ ಕೊಟ್ಟರು. ಓದಿ ನಕ್ಕವರು ಬಹಳ ಜನ. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಈಗ ನನ್ನ ತಪ್ಪಿನ ಕಥೆ ಹೇಳಬೇಕು. ಅದಕ್ಕೆಂದೇ ಈ ಮಾತಿಗೆ ಒಪ್ಪಿಕೊಂಡೆ.

2018ರ ದೀಪಾವಳಿ ಮುಗಿಯುತ್ತಿದ್ದಂತೆ ಬನಹಟ್ಟಿಯಲ್ಲಿ ಅತ್ತೆಯವರು ಹಾಸಿಗೆ ಹಿಡಿದರು. ಮನೆಯಾಕೆ ಆರೈಕೆಗೆ ಹೋದಳು, ಐದು ತಿಂಗಳು ಅಲ್ಲೇ ಉಳಿದಳು. ನನ್ನದು ಹನ್ನೆರಡು ಗಂಟೆಯ ಪಾಳಿ. ಹೋಗುವಾಗ ಕಾಳು, ನೀರು ಇಟ್ಟು, ಟಿವಿ ಹಚ್ಚಿ ಹೋಗುತ್ತಿದ್ದೆ. ಟಿವಿ ಮಾತಾಡುತ್ತದಲ್ಲ, ಸಾಕು ಅಂದುಕೊಂಡೆ. ಮೊದಲ ವಾರವೆಲ್ಲ ಬೂದ್ಯಾ ಅವಳ ದನಿಯಲ್ಲಿ ಕರೆಯುತ್ತಿತ್ತು: "ರೀ... ರೀ..." ಆಮೇಲೆ ಅದೂ ನಿಂತಿತು. ಕುಕ್ಕರಿನ ಸೀಟಿಯೂ ಇಲ್ಲ. ಗದ್ದಲ ಕಡಿಮೆಯಾಯಿತು ಅಂತ ನನಗೆ ಹಗುರವೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ಒಂದು ರಾತ್ರಿ ಬಂದು ದೀಪ ಹಾಕಿದೆ. ಪಂಜರದ ಕೆಳಗೆಲ್ಲ ಗರಿ. ಎದೆಯ ಮೇಲೆ ಕೋಳಿಯ ಹಾಗೆ ಬರೀ ಚರ್ಮ. ತನ್ನ ಗರಿಯನ್ನು ತಾನೇ ಕಿತ್ತುಕೊಂಡಿತ್ತು.

ಡಾಕ್ಟರು ರಕ್ತ ಪರೀಕ್ಷೆ ಮಾಡಿದರು, ಹುಳ ನೋಡಿದರು. ರೋಗವೇನೂ ಇಲ್ಲ ಅಂದರು. "ಮನೆಯಲ್ಲಿ ಏನು ಬದಲಾಗಿದೆ?" ಅಂತ ಕೇಳಿದರು. ನಾನು ಹೇಳಿದೆ. "ಟಿವಿ ಅದಕ್ಕೆ ಉತ್ತರ ಕೊಡುವುದಿಲ್ಲವಲ್ಲ" ಅಂದರು. ಕಾಡಿನ ಹಿಂಡಿನಲ್ಲಿ ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ. ಇದರ ಹಿಂಡು ಅಂದರೆ ನಾವಿಬ್ಬರೇ. ಒಬ್ಬಳು ಕಾಣೆಯಾಗಿದ್ದಳು, ಇನ್ನೊಬ್ಬನಿಗೆ ಮಾತಿರಲಿಲ್ಲ.

ಅಂದು ರಾತ್ರಿ ಬನಹಟ್ಟಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಪಂಜರದ ಮುಂದೆ ಇಟ್ಟೆ. "ಬೂದ್ಯಾ, ಊಟಾ ಆತೇನು?" ಅಂದಳು. ಅದು ಕತ್ತು ಓರೆ ಮಾಡಿ ಕೇಳಿತು, ಉತ್ತರ ಕೊಡಲಿಲ್ಲ. ಆಗ ನನಗೆ ಅಲೆಕ್ಸನ ಪಾಠದ ರೀತಿ ನೆನಪಾಯಿತು. ಗಿಳಿಯ ಜೊತೆ ಮಾತಾಡಿದರೆ ಸಾಲದು, ಗಿಳಿಯ ಮುಂದೆ ನಾವಿಬ್ಬರೂ ಮಾತಾಡಬೇಕು. ಏನು ಮಾತಾಡುವುದು? ಹಣ ಬಂತೇ, ಔಷಧಿ ತಂದಿರಾ, ಇಷ್ಟರಲ್ಲಿ ನಮ್ಮ ಫೋನು ಮುಗಿಯುತ್ತಿದ್ದ ಕಾಲ ಅದು. ಗಿಳಿಯ ಸಲುವಾಗಿ ಪ್ರತಿ ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ ಮಾತಾಡತೊಡಗಿದೆವು. ಅವ್ವನ ಸ್ಥಿತಿ, ಊರಿನ ಜಾತ್ರೆ, ಮಿಲ್ಲಿನ ಸುದ್ದಿ, ಹಳೆಯ ಜಗಳಗಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಹಗಲು ಪಕ್ಕದ ಒಡಿಯಾ ತಾಯಿಯೊಬ್ಬರು ತಮ್ಮ ಹೊಲಿಗೆ ತಂದು ನಮ್ಮ ಮನೆಯಲ್ಲೇ ಕೂರುತ್ತಿದ್ದರು.

ಹತ್ತೊಂಬತ್ತನೆಯ ದಿನ ಮಾತಿನ ನಡುವೆ ನಾನು ಸ್ವಲ್ಪ ಸುಮ್ಮನಾದೆ. ಪಂಜರದಿಂದ ದನಿ ಬಂತು: "ಉಪ್ಪು ಕಮ್ಮಿ ಆಗೇತಿ." ಆ ಕಡೆ ಫೋನಿನಲ್ಲಿ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಗರಿ ಬಹುಪಾಲು ಮತ್ತೆ ಬಂದಿವೆ. ಎದೆಯ ಎಡಗಡೆ ಒಂದು ರೂಪಾಯಿ ಅಗಲದ ಜಾಗ ಮಾತ್ರ ಹಾಗೇ ಉಳಿಯಿತು. ಬೇರು ಕೆಟ್ಟರೆ ಅಲ್ಲಿ ಮತ್ತೆ ಗರಿ ಹುಟ್ಟುವುದಿಲ್ಲ ಅಂದರು ಡಾಕ್ಟರು. ದಿನಾ ಕಣ್ಣಿಗೆ ಬೀಳುತ್ತದೆ.

ಕೇಳುಗರೆ, ಇದನ್ನೆಲ್ಲ ಕೇಳಿ ನಿಮಗೂ ಒಂದು ಗಿಳಿ ತರುವ ಮನಸ್ಸಾದರೆ ನಾನು ಬೇಡ ಅನ್ನುತ್ತೇನೆ. ಕಾಡಿನಿಂದ ಇವುಗಳನ್ನು ಹಿಡಿದು ಮಾರಿ ಮಾರಿ ಘಾನಾದಲ್ಲಿ 1990ರ ದಶಕದ ಲೆಕ್ಕಕ್ಕೆ ಹೋಲಿಸಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಲ್ಲವಾಗಿವೆ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ದೇಶಗಳು ಕಾಡಿನ ಬೂದುಗಿಳಿಯ ಅಂತರರಾಷ್ಟ್ರೀಯ ವ್ಯಾಪಾರ ನಿಲ್ಲಿಸಲು ನಿರ್ಧರಿಸಿದವು. 2017ರ ಜನವರಿಯಿಂದ ಅದು ಜಾರಿಯಲ್ಲಿದೆ. ನಮ್ಮ ದೇಶದ ಹಸಿರು ಗಿಳಿಯನ್ನಂತೂ ಮನೆಯಲ್ಲಿ ಸಾಕುವುದೇ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಸಂತೆಯಲ್ಲಿ ಮಾರುತ್ತಾರೆ ಅಂತ ಕೊಳ್ಳಬೇಡಿ.

ಈಗಾಗಲೇ ಮನೆಯಲ್ಲಿ ಬೂದುಗಿಳಿ ಇದ್ದವರು ಕಾಗದಪತ್ರ ಸರಿಮಾಡಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಇಂಥ ವಿದೇಶಿ ಪ್ರಾಣಿಗಳನ್ನು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮೊದಲೇ ಇದ್ದವುಗಳಿಗೆ ಆರು ತಿಂಗಳ ಅವಧಿ ಕೊಟ್ಟಿದ್ದರು. ನಾನು ಮಗನ ಕೈಯಲ್ಲಿ ಅರ್ಜಿ ತುಂಬಿಸಿದೆ. ಬಿಟ್ಟುಹೋದವರು ತಮ್ಮ ರಾಜ್ಯದ ಅರಣ್ಯ ಇಲಾಖೆಯ ವನ್ಯಜೀವಿ ಕಚೇರಿಯಲ್ಲಿ ವಿಚಾರಿಸಿ.

ಅರ್ಜಿ ತುಂಬುವಾಗ ಮಗ ಕೇಳಿದ, "ಅಪ್ಪಾ, ಇದು ಎಷ್ಟು ವರ್ಷ ಬದುಕುತ್ತದೆ?" ಚೆನ್ನಾಗಿ ನೋಡಿಕೊಂಡರೆ ನಲವತ್ತು, ಕೆಲವು ಅರವತ್ತೂ ಮುಟ್ಟುತ್ತವೆ. ನನಗೀಗ ಐವತ್ತೆಂಟು ದಾಟಿದೆ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಾದ. ನಾವು ಹೋದ ಮೇಲೂ ಇದು ಇರುತ್ತದೆ. ಆಗ ಯಾರದೋ ಮನೆಯಲ್ಲಿ ಕೂತು ನಮ್ಮಿಬ್ಬರ ದನಿಯಲ್ಲಿ ಮಾತಾಡುತ್ತಿರುತ್ತದೆ. ಓಗೊಡುವವರಿಗೆ ಆ ಮಾತು ಗೊತ್ತಿರಬೇಕಲ್ಲ?

ಮಗ ಏನೂ ಹೇಳಲಿಲ್ಲ. ಆದರೆ ಈಗ ಭಾನುವಾರ ಪುಣೆಯಿಂದ ಫೋನ್ ಮಾಡಿದಾಗ, "ಸ್ಪೀಕರ್ ಹಾಕ್ರಿ" ಅನ್ನುತ್ತಾನೆ. ತಪ್ಪು ತಪ್ಪು ಕನ್ನಡದಲ್ಲಿ ಬೂದ್ಯಾನಿಗೆ ಕೇಳುತ್ತಾನೆ, "ಊಟಾ ಆತೇನು?"

ಬೂದ್ಯಾ ಒಮ್ಮೊಮ್ಮೆ ಉತ್ತರ ಕೊಡುತ್ತದೆ, ಒಮ್ಮೊಮ್ಮೆ ಕುಕ್ಕರ್ ಸೀಟಿ ಹೊಡೆಯುತ್ತದೆ.

ನಿಮ್ಮ ಮನೆಯಲ್ಲಿ ಗಿಳಿ ಇರಲಿ ಬಿಡಲಿ, ಇಂದು ರಾತ್ರಿ ಊಟಕ್ಕೆ ಕೂತಾಗ ಟಿವಿ ಆರಿಸಿ ನಾಲ್ಕು ಮಾತಾಡಿ.